ಹನ್ನೆರಡನೆಯ ಮೊಣಕಾಲು

ಆ ಪುಟ್ಟ ಬಾಟಲಿಗೆ ಐವತ್ತೆರಡು ಸಾವಿರ ರೂಪಾಯಿ. ಅದರೊಳಗಿದ್ದದ್ದು ಎರಡೇ ಹನಿ. ಅದನ್ನು ತಣ್ಣಗಿಡುವ ಫ್ರಿಜ್ಜಿಗೆ ಎಂಬತ್ತು ಸಾವಿರ, ಕರೆಂಟು ಹೋದಾಗ ಫ್ರಿಜ್ಜನ್ನು ಕಾಯುವ ಬ್ಯಾಟರಿಗೆ ಮೂವತ್ತು ಸಾವಿರ. ಒಂದು ಮೊಣಕಾಲಿನ ಕೀಲು ಬದಲಿಸುವ ಆಪರೇಷನ್ನಿಗೆ ಒಂದೂವರೆ ಲಕ್ಷಕ್ಕೂ ಮೇಲೆ. ಆಪರೇಷನ್ನಿಗೆಂದು ಕಂಪ್ಲಿಯಿಂದ ಹೊಸಪೇಟೆಗೆ ಬರುವ ಹೆಂಗಸಿಗೆ ಬಸ್ಸು ಮಾತ್ರ ಪುಕ್ಕಟೆ.

ಇಷ್ಟರ ನಡುವೆ ಯಾರೂ ಬೆಲೆ ಕಟ್ಟದ ವಸ್ತು ಒಂದಿತ್ತು. ಆಪರೇಷನ್ನಿನಲ್ಲಿ ಕೊಯ್ದು ತೆಗೆದ ಹಳೆಯ ಕೀಲಿನ ತುಂಡು. ಅದನ್ನು ಹಳದಿ ಚೀಲಕ್ಕೆ ಹಾಕಿ ಸುಡಲು ಕಳಿಸುತ್ತಾರೆ.

ಪೂಜಿತಾಗೆ ಬೇಕಾಗಿದ್ದದ್ದು ಆ ತುಂಡು.

ಮಂಗಳವಾರ ಬೆಳಿಗ್ಗೆ ಹನ್ನೊಂದೂ ಕಾಲು. ಹೊಸಪೇಟೆಯ ಆ ಮೂಳೆ ಆಸ್ಪತ್ರೆಯ ಆಪರೇಷನ್ ಥಿಯೇಟರಿನ ಹೊರಗೆ, ಗೋಡೆಯ ಕಿಂಡಿಯ ಮುಂದೆ, ಐಸ್ ಡಬ್ಬಿ ಹಿಡಿದು ಅವಳು ನಿಂತು ಇಪ್ಪತ್ತು ನಿಮಿಷವಾಗಿತ್ತು. ಆಸ್ಪತ್ರೆಯ ಹಿಂಬದಿಯ ಎರಡು ಕೋಣೆಯ ಸಂಶೋಧನಾ ಲ್ಯಾಬಿನಲ್ಲಿ ಅವಳದು ಕೆಲಸ. ಗದ್ದೆಯ ನೀರಿನಲ್ಲಿ ನಿಂತು ನಾಟಿ ಮಾಡಿದವರ, ಗಣಿಯಲ್ಲಿ ಭಾರ ಹೊತ್ತವರ ಕೀಲುಗಳು ಹೇಗೆ ಸವೆಯುತ್ತವೆ ಎಂದು ನೋಡುವ ಕೆಲಸ. ಹನ್ನೆರಡು ಜನರ ಕೀಲಿನ ತುಂಡು ಸೇರಿದರೆ ಮೊದಲ ವರದಿ. ಹನ್ನೊಂದು ಸೇರಿದ್ದವು. ಬಾಟಲಿಯ ದ್ರವ ಈ ತಿಂಗಳ ಕೊನೆಗೆ ಕೆಡುತ್ತಿತ್ತು. ಹೊಸದು ಹೊರದೇಶದಿಂದ ಬರಲು ಎರಡು ತಿಂಗಳು.

ಇವತ್ತಿನದು ಹನ್ನೆರಡನೆಯದು.

ಮೂರು ವಾರದಿಂದ ಥಿಯೇಟರಿಗೆ ಹೊಸ ಟೆಕ್ನಿಷಿಯನ್ ಬಂದಿದ್ದ. ಅವಳು ಅವನ ಮುಖ ನೋಡಿರಲಿಲ್ಲ. ಇಂಟರ್‌ಕಾಮಿನಲ್ಲಿ ದನಿ, ಕಿಂಡಿಯಲ್ಲಿ ಗ್ಲೌಸ್ ತೊಟ್ಟ ಒಂದು ಕೈ, ಅಷ್ಟೇ.

"ಮೇಡಂ, ನಿಮ್ಮ ಮಾಲು ಬಂತ್ರಿ. ಬಿಸಿ ಐತಿ, ಜಲ್ದಿ ಬರ್ರಿ."

ಪ್ರತಿ ಸಲವೂ ಇದೇ ಮಾತು. ಮೊದಲ ಸಲ ಸಿಟ್ಟು ಬಂದಿತ್ತು. ಎರಡನೆಯ ಸಲ ನಗು ಬಂತು. ಆಮೇಲೆ ಫೋನ್ ಹೊಡೆದುಕೊಳ್ಳುವ ಮೊದಲೇ ಅವಳು ಅದರ ಕಡೆ ನೋಡತೊಡಗಿದ್ದಳು... ಅದನ್ನು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ, ಅದು ಬೇರೆ ಮಾತು.

ಕಿಂಡಿ ತೆರೆಯಲಿಲ್ಲ. ಪಕ್ಕದ ಬಾಗಿಲು ತೆರೆಯಿತು.

ಮೂವತ್ತರ ಹತ್ತಿರದ ಎತ್ತರದ ಮನುಷ್ಯ. ಮಾಸ್ಕ್ ತೆಗೆದ ಕೆನ್ನೆಯ ಮೇಲೆ ಅದರ ದಾರದ ಗುರುತು. ಕೈ ಖಾಲಿ.

"ಡಬ್ಬಿ ಎಲ್ಲಿ?" ಎಂದಳು ಪೂಜಿತಾ.

"ಇಲ್ಲ ಮೇಡಂ."

ಅದೇ ದನಿ. ಆದರೆ ಅದರಲ್ಲಿ ಇವತ್ತು ತಮಾಷೆ ಇರಲಿಲ್ಲ.

"ಇಲ್ಲ ಅಂದ್ರೆ?"

"ಇವತ್ತಿಂದು ಸಿಗಂಗಿಲ್ರಿ. ತಪ್ಪು ನಂದು."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಮೂಳೆ ಕೊಯ್ದ ಒಂದು ಗಂಟೆಯೊಳಗೆ ಅದನ್ನು ಹೆಪ್ಪುಗಟ್ಟಿಸದಿದ್ದರೆ ಕೆಲಸಕ್ಕೆ ಬಾರದು. ನಲವತ್ತು ನಿಮಿಷ ಆಗಲೇ ಕಳೆದಿತ್ತು.

"ಹಳದಿ ಚೀಲಕ್ಕೆ ಹಾಕಿಬಿಟ್ರಾ?"

ಅವಳು ಗ್ಲೌಸ್ ತೊಟ್ಟು, ಕಸದ ಕೋಣೆಗೆ ಹೋಗಿ, ಅವನ ಕಣ್ಣೆದುರೇ ಚೀಲ ಬಿಚ್ಚಿ ನೋಡಿದಳು. ಹತ್ತಿ, ಬಟ್ಟೆ. ಮೂಳೆ ಇರಲಿಲ್ಲ.

ಸಿಟ್ಟು ಬಂದರೆ ಅವಳ ಬಾಯಲ್ಲಿ ತನ್ನೂರು ಕಂಪ್ಲಿಯ ಮಾತು ಬರುತ್ತಿತ್ತು. "ಚೀಲ್ದಾಗೂ ಇಲ್ಲ. ಏನ್, ಗಾಳಿ ಹೊತ್ಕೊಂಡು ಹೋತೇನು? ಯಾರಿಗೆ ಕೊಟ್ರಿ?"

"ಹೇಳಾಕ ಬರಂಗಿಲ್ರಿ."

"ತಪ್ಪು ಎಲ್ಲಾರೂ ಮಾಡ್ತಾರ. ಹೇಳಿದ್ರ ತಿಳ್ಕೊಂತೀನಿ. ಎರಡು ವರ್ಷದ ಕೆಲಸ ಇದು..."

"ಗೊತ್ತೈತ್ರಿ," ಎಂದ ಅವನು. ಕಣ್ಣು ತಗ್ಗಿಸಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಯಿತು.

"ಹಂಗಾರ ನಾನು ಡಾಕ್ಟರಿಗೆ ಬರೀತೀನಿ."

"ಬರೀರಿ ಮೇಡಂ."

ಅವಳು ಬರೆದಳು. ಹೆಸರು ಕೇಳಿ ತಿಳಿದುಕೊಂಡು ಬರೆದಳು. ಕನಕರಾಜ್, ಸಂಡೂರಿನವನು.

* * *

ಆಸ್ಪತ್ರೆಯ ಮುಖ್ಯಸ್ಥರೂ, ಆಪರೇಷನ್ ಮಾಡುವವರೂ, ಸಂಶೋಧನೆಯ ಹಿರಿಯರೂ ಆದ ಡಾಕ್ಟರ್ ಮುರುಗೇಶ್ ಕಾಗದ ಓದಿ ಕನ್ನಡಕ ತೆಗೆದರು.

"ದೇಹದ ತುಂಡು ಲೆಕ್ಕ ಇಲ್ಲದೆ ಹೊರಗೆ ಹೋಯ್ತು ಅಂದರೆ ಆಸ್ಪತ್ರೆ ಲೈಸೆನ್ಸಿನ ಪ್ರಶ್ನೆ ಅಮ್ಮಾ. ಸೋಮವಾರ ಹತ್ತಕ್ಕೆ ವಿಚಾರಣೆ. ಅಲ್ಲೀತನಕ ಅವನು ಕೆಲಸಕ್ಕೆ ಬರೋದು ಬೇಡ. ಅಲ್ಲೂ ಬಾಯಿ ಬಿಡದಿದ್ದರೆ ತೆಗೆದುಹಾಕ್ತೀವಿ."

ಪೂಜಿತಾ ತಲೆಯಾಡಿಸಿದಳು. ಸರಿಯಾದದ್ದೇ ಆಗುತ್ತಿದೆ ಎಂದುಕೊಂಡಳು.

ಬುಧವಾರ ಇಂಟರ್‌ಕಾಮ್ ಹೊಡೆದುಕೊಂಡಿತು. ಬೇರೆ ಯಾರದೋ ದನಿ. ಕರೆಂಟಿನವನು ಬಂದಿದ್ದಾನೆ ಎಂದಿತು. ಅವಳು ಫೋನ್ ಇಟ್ಟು, ಸುಮ್ಮನೆ ಅದನ್ನೇ ನೋಡುತ್ತ ಕೂತಳು.

'ನನಗೇನಾಗಿದೆ? ನನ್ನ ಕೆಲಸ ಹಾಳು ಮಾಡಿದವನು ಅವನು...'

ಶನಿವಾರ ಮಧ್ಯಾಹ್ನ ವಾರ್ಡಿನ ಆಯಾ ಹೊಳೆಮ್ಮ ಲ್ಯಾಬಿನ ನೆಲ ಒರೆಸಲು ಬಂದಳು. ಪ್ರತಿದಿನ ಮಾತಾಡುವ ಹೆಂಗಸು. ನಾಲ್ಕು ದಿನದಿಂದ ಅವಳ ತುಟಿ ಬಿಚ್ಚಿರಲಿಲ್ಲ.

"ಏನಾತು ಹೊಳೆಮ್ಮ? ನನ್ನ ಕೂಡ ಮಾತು ಬಿಟ್ಟೀಯಲ್ಲ."

ಹೊಳೆಮ್ಮ ಬಟ್ಟೆ ಹಿಂಡಿದಳು. "ಏಳನೇ ಬೆಡ್ಡಿನ ಮುದುಕಿ ಈಗ ಮನಿಗೆ ಹೋದ್ಳು. ಇನ್ನ ಹೇಳಿದ್ರ ಆಕಿಗೇನೂ ಆಗಂಗಿಲ್ಲ. ಹೇಳ್ತೀನಿ ಅಕ್ಕಾರ. ಆ ಹುಡುಗನ ಅನ್ನ ಕಿತ್ಕೊಂಡ್ರಲ್ಲ, ಯಾಕ ಅಂತ ಗೊತ್ತೈತೇನು ನಿಮಗ?"

"ಅವರು ಹೇಳಲಿಲ್ಲ."

"ಹೆಂಗ ಹೇಳ್ತಾನ? ಹೇಳಿದ್ರ ನೀವು ಮುದುಕಿ ಮಗನ ಹಿಂದ ಓಡಿ ಎಲುಬಿನ ಡಬ್ಬಿ ಕಸಗೊಂತಿದ್ರಿ."

ಏಳನೇ ಬೆಡ್ಡಿನ ಮುದುಕಿ ಎಂದರೆ ಸಂಗಮ್ಮ. ಕಂಪ್ಲಿಯವಳು. ಹನ್ನೆರಡನೆಯ ಮೊಣಕಾಲು ಅವಳದೇ. ಆಪರೇಷನ್ನಿನ ಹಿಂದಿನ ದಿನ ಪಕ್ಕದ ಬೆಡ್ಡಿನವಳು ಅವಳಿಗೆ ಹೇಳಿದ್ದಳಂತೆ, ಕೊಯ್ದ ತುಂಡನ್ನು ಸುಡುತ್ತಾರೆ ಎಂದು.

"ನಿಮ್ಮ ಮಂದ್ಯಾಗ ಮಣ್ಣಿಗೆ ಇಡ್ತಾರಲ್ಲ ಅಕ್ಕಾರ? ಸುಡೂದು ಅಂದ್ರ ಆಕಿಗೆ ಜೀವ ಹೋದಂಗಾತು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗ ಅಷ್ಟೇ ಜೋಮು ಹಿಡಿಸಿರ್ತಾರ, ಮುದುಕಿ ಎಚ್ಚರ ಇದ್ಳು. ಗರಗಸದ ಸಪ್ಪಳ ಕೇಳಿ ಅಳಾಕ ಹತ್ತಿದ್ಳಂತ. 'ನನ್ನ ಎಲುಬು ಸುಡಬ್ಯಾಡ್ರಪ್ಪಾ' ಅಂತ ಕನಕರಾಜನ ಕೈ ಹಿಡ್ಕೊಂಡ್ಳಂತ. ಇಂವ ಮಾತು ಕೊಟ್ಟ. ಮಗನ ಕೈಯಾಗ ಡಬ್ಬಿ ಕಟ್ಟಿ ಕೊಟ್ಟ. ಅವತ್ತ ಸಂಜಿಗೆ ಅವರ ಹೊಲದಾಗ ಮಣ್ಣು ಮಾಡಿದ್ರು."

ಪೂಜಿತಾಳ ಮುಖ ಬಿಸಿಯಾಯಿತು.

ಅವಳೂ ಕಂಪ್ಲಿಯವಳೇ. ಶಿವಭಕ್ತರ ಮನೆ. ಅಜ್ಜಿಯನ್ನು ಕೂರಿಸಿ, ವಿಭೂತಿ ಹಚ್ಚಿ, ಮಣ್ಣಿಗೆ ಇಟ್ಟದ್ದನ್ನು ಕಣ್ಣಾರೆ ಕಂಡವಳು. ಎರಡು ವರ್ಷದಿಂದ ತುಂಡುಗಳನ್ನು ತರಿಸಿಕೊಳ್ಳುತ್ತಿದ್ದಳು. ಕೆಲಸ ಮುಗಿದ ಮೇಲೆ ಉಳಿದದ್ದನ್ನು ತಾನೇ ಹಳದಿ ಚೀಲಕ್ಕೆ ಹಾಕುತ್ತಿದ್ದಳು. ಒಂದು ದಿನವೂ ಇದು ತಲೆಗೆ ಬಂದಿರಲಿಲ್ಲ.

'ಆದರೂ ಸಂಗಮ್ಮ ಒಪ್ಪಿಗೆ ಕೊಟ್ಟಿದ್ದಳಲ್ಲ... ಕಾಗದದ ಮೇಲೆ ಹೆಬ್ಬೆಟ್ಟು ಇದೆಯಲ್ಲ.'

ಹಾಗೆಂದುಕೊಂಡರೂ ಮನಸ್ಸು ನಿಲ್ಲಲಿಲ್ಲ.

* * *

ಭಾನುವಾರ ಬೆಳಿಗ್ಗೆ ಅವಳು ಕಂಪ್ಲಿಯಲ್ಲಿ ಇಳಿದು ತನ್ನ ಮನೆಗೆ ಹೋಗಲಿಲ್ಲ. ಕಾಲುವೆ ದಂಡೆಯ ಸಂಗಮ್ಮನ ಮನೆ ಹುಡುಕಿಕೊಂಡು ಹೋದಳು.

ಅಂಗಳದಲ್ಲಿ ಮುದುಕಿ ವಾಕರ್ ಹಿಡಿದು ನಿಂತಿದ್ದಳು. ಎದುರಿಗೆ ಕನಕರಾಜ್.

"ಇನ್ನೊಂದು ಹೆಜ್ಜಿ ಅಜ್ಜಿ."

"ಲೇ ತಮ್ಮಾ, ಕಾಲು ನಂದೋ ನಿಂದೋ?"

"ಒಳಗಿನ ಕಬ್ಬಿಣ ಆಸ್ಪತ್ರಿದು. ನಡಿ."

ನಗುತ್ತ ತಲೆಯೆತ್ತಿದವನು ಬಾಗಿಲಲ್ಲಿ ಪೂಜಿತಾಳನ್ನು ಕಂಡ. ನಗು ನಿಂತಿತು. ಇವನು ಇಲ್ಲಿರುತ್ತಾನೆ ಎಂದು ಅವಳು ಎಣಿಸಿರಲಿಲ್ಲ.

"ಕೇಸು ಮನಿತನಕ ಬಂತೇನ್ರಿ?" ಎಂದ ಮೆಲ್ಲಗೆ.

"ಅಜ್ಜಿ ಕೂಡ ಮಾತಾಡಾಕ ಬಂದೀನಿ."

ಸಂಗಮ್ಮ ಕಟ್ಟೆಯ ಮೇಲೆ ಕೂತು ಅವಳನ್ನು ದಿಟ್ಟಿಸಿದಳು. "ಕಾಗದ ಓದಿದಾಕಿ ನೀನಲ್ಲ? ಬಾ ಯವ್ವಾ, ಕುಂದ್ರು. ಭಾಳ ಛಂದ ಓದಿದಿ. ಗುಡ್ಯಾಗ ಮಂತ್ರ ಓದಿದಂಗ."

"ಅದರಾಗ ಏನಿತ್ತು ಅಂತ ತಿಳೀತಲ್ಲ ಅಜ್ಜಿ?"

"ಒಂದೂ ತಿಳೀಲಿಲ್ಲ," ಎಂದಳು ಸಂಗಮ್ಮ ನಿರಾಳವಾಗಿ. "ಹೆಬ್ಬೆಟ್ಟು ಒತ್ತು ಅಂದಿ, ಒತ್ತಿದೆ. ಒತ್ತಲಿಲ್ಲ ಅಂದ್ರ ಆಪರೇಷನ್ ಮಾಡಂಗಿಲ್ಲೇನೋ ಅನಕೊಂಡೆ. ರಾತ್ರಿಂದ ನೀರು ಸೈತ ಕುಡಿದಿದ್ದಿಲ್ಲ, ತಲಿ ಗಿರ್ ಅಂತಿತ್ತು."

ಪೂಜಿತಾಗೆ ಆ ಬೆಳಗು ಕಣ್ಣಿಗೆ ಕಟ್ಟಿತು. 'ಮೃದ್ವಸ್ಥಿ ಅಂಗಾಂಶದ ಅವಶೇಷಗಳನ್ನು ಸಂಶೋಧನಾ ಉದ್ದೇಶಕ್ಕೆ ಬಳಸಿಕೊಳ್ಳಲು...' ನಾಲ್ಕು ನಿಮಿಷದಲ್ಲಿ ಓದಿ ಮುಗಿಸಿದ್ದಳು. ಹೊರಗೆ ಸ್ಟ್ರೆಚರ್ ಕಾಯುತ್ತಿತ್ತು. ಸಂಗಮ್ಮನಿಗೆ ಮಾತ್ರವಲ್ಲ, ಹನ್ನೊಂದು ಜನರಿಗೂ ಹೀಗೇ. ಎಲ್ಲರೂ ತಲೆಯಾಡಿಸಿದ್ದರು. ತಲೆಯಾಡಿಸಿದರೆ ಒಪ್ಪಿದಂತೆ ಎಂದುಕೊಂಡಿದ್ದಳು.

ಕನಕರಾಜ್ ಬೇರೆ ಕಡೆ ನೋಡುತ್ತಿದ್ದ. ಅವನಿಗೆ ಇದು ಗೊತ್ತಿತ್ತು. ಮೊದಲಿಂದಲೂ ಗೊತ್ತಿತ್ತು.

ಅವಳು ನೆಲದ ಮೇಲೆ ಕೂತಳು. "ಅಜ್ಜಿ, ಈಗ ತಿಳಿಯೂ ಹಂಗ ಹೇಳ್ತೀನಿ. ಎಲುಬಿನ ತುದಿಗೆ ಬಿಳೀ ಮೆತ್ತಿ ಇರ್ತೈತಿ, ಗಾದಿ ಇದ್ದಂಗ. ಅದರಾಗ ಸಣ್ಣ ಸಣ್ಣ ದಾರ ಇರ್ತಾವ. ಕೀಲುಬ್ಯಾನ್ಯಾಗ ಆ ದಾರ ಹರಕೊಂತ ಹೋಗ್ತಾವ. ನನ್ನ ಹತ್ರ ಒಂದು ನೀರು ಐತಿ. ಮಾನೊಕ್ಲೋನಲ್ ಆ್ಯಂಟಿಬಾಡಿ ಅಂತಾರ. ಅದು ಬ್ಯಾರೆ ಏನನ್ನೂ ಮುಟ್ಟಂಗಿಲ್ಲ. ದಾರ ಎಲ್ಲಿ ಹರದೈತೋ ಅಲ್ಲೇ ಹೋಗಿ ಅಂಟಿಕೊಂಡು ಕುಂದ್ರತೈತಿ. ಆಮ್ಯಾಲ ಬಣ್ಣ ಹಾಕಿದ್ರ ಆ ಜಾಗಾ ಕಾಫಿ ಬಣ್ಣಕ್ಕ ತಿರುಗತೈತಿ."

"ನೋವಿದ್ದ ಜಾಗಾನೇ ಹುಡುಕ್ಕೊಂಡು ಹೋಗಿ ಕುಂದ್ರತೈತಾ? ನಮ್ಮ ಸೊಸಿ ಬಾಯಿ ಇದ್ದಂಗ ಆತು."

"ಕೇಳಸ್ತೈತ್ರಿ ಅತ್ತೀ," ಎಂದು ಒಳಗಿನಿಂದ ದನಿ ಬಂತು.

"ಕೇಳಲಿ ಅಂತ ಹೇಳೀನಿ."

"ಅದರಾಗಿನ ಕಣ ಎಲ್ಲಾ ಒಂದೇ ಜೀವಕಣದ ಮಕ್ಕಳು ಅಜ್ಜಿ. ಅದಕ್ಕ ಎಲ್ಲಾಕ್ಕೂ ಒಂದೇ ಬುದ್ಧಿ."

"ನನ್ನ ಮಕ್ಕಳೂ ಒಬ್ಬಾಕಿ ಹೊಟ್ಟ್ಯಾಗ ಹುಟ್ಯಾವ. ನಾಕು ಮಂದಿ, ಆರು ಬುದ್ಧಿ." ಮುದುಕಿ ಸ್ವಲ್ಪ ಹೊತ್ತು ಯೋಚಿಸಿದಳು. "ಇದರಿಂದ ಏನಾಕೈತಿ? ಮುಂದ ಬರೂ ಹುಡುಗೀರಿಗೆ ಕಾಲು ಉಳೀತಾವೇನು?"

"ಬ್ಯಾನಿ ಜಲ್ದಿ ತಿಳಿದ್ರ ಉಳಿಸಬಹುದು ಅಂತ ಹುಡುಕಾಕ ಹತ್ತೀವಿ. ಖಾತ್ರಿ ಹೇಳಂಗಿಲ್ಲ."

"ಖಾತ್ರಿ ಇಲ್ಲ ಅಂದೀಯಲ್ಲ, ಅದು ಛಲೋ. ಎಡಗಾಲು ಇನ್ನೂ ಐತಿ. ಅದನ್ನ ಕೊಯ್ದಾಗ ಅರ್ಧ ನಿನಗ, ಅರ್ಧ ಮಣ್ಣಿಗೆ. ಹಿಂಗ ಮೊದಲೇ ಕೇಳಿದ್ರ ಬಲಗಾಲಿಂದೂ ಕೊಡ್ತಿದ್ನಲ್ಲ ಹುಚ್ಚೀ."

* * *

ಕಾಲುವೆ ದಂಡೆಯ ಮೇಲೆ ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅವನು ಬೈಕನ್ನು ತಳ್ಳಿಕೊಂಡು ಬರುತ್ತಿದ್ದ.

"ಒಪ್ಪಿಗೆ ಸರಿಯಾಗಿ ತಗೊಂಡಿಲ್ಲ ಅಂತ ನಿಮಗ ಗೊತ್ತಿತ್ತು," ಎಂದಳು ಪೂಜಿತಾ.

"ಹ್ಞೂಂ."

"ಅವತ್ತೇ ಅದನ್ನ ಹೇಳಿದ್ರ ತಪ್ಪು ನಂದಾಗ್ತಿತ್ತು. ನಿಮ್ಮ ಕೆಲಸ ಉಳೀತಿತ್ತು."

"ಹೇಳಿದ್ರ ಬರೇ ಹನ್ನೆರಡನೇದು ಹೋಗ್ತಿತ್ತೇನ್ರಿ? ಹನ್ನೊಂದರ ಕಾಗದಾನೂ ತಗೀತಿದ್ರು."

ಅವಳು ನಿಂತಳು. ಅವನೂ ನಿಂತ.

"ನಾಳೆ ನಾನು ಹೇಳ್ತೀನಿ," ಎಂದಳು.

"ಬ್ಯಾಡ್ರಿ. ಚೀಲಕ್ಕ ಹಾಕೂವಾಗ ಎಲ್ಲೋ ತಪ್ಪಿತು ಅಂತ ಹೇಳ್ತೀನಿ ನಾನು. ನನಗ ಬ್ಯಾರೆ ಆಸ್ಪತ್ರಿ ಸಿಗತೈತಿ. ಬಳ್ಳಾರ್ಯಾಗ ಸಿಗತೈತಿ, ಕೊಪ್ಪಳದಾಗ ಸಿಗತೈತಿ. ನಿಮಗ ಮತ್ತೊಮ್ಮೆ ಹನ್ನೊಂದು ಮೊಣಕಾಲು ಎಲ್ಲಿ ಸಿಗತಾವ?"

"ಯಾಕ ಇಷ್ಟು ಮಾಡ್ತೀರಿ ನನಗ? ನಾನು ನಿಮ್ಮ ಮ್ಯಾಲ ದೂರು ಕೊಟ್ಟೀನಿ."

ಅವನು ಮತ್ತೆ ಬೈಕ್ ತಳ್ಳುತ್ತ ಬಸ್ ಸ್ಟ್ಯಾಂಡಿನ ತನಕ ನಡೆದ. ಬಸ್ಸು ಬಂತು. ಅವಳು ಹತ್ತಿದಳು. ಕಿಟಕಿಯಿಂದ ನೋಡಿದಾಗ ಅವನು ಅಲ್ಲೇ ನಿಂತಿದ್ದ.

ದಾರಿಯುದ್ದಕ್ಕೂ ಅವಳು ತನ್ನೊಂದಿಗೆ ತಾನೇ ಜಗಳವಾಡಿದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅವನೇ ಬೇಡ ಎಂದಿದ್ದಾನೆ. ವರದಿಯ ಮೇಲೆ ಅವಳ ಹೆಸರು ಬರುತ್ತದೆ. ಅಕ್ಕಿ ಗಿರಣಿಯ ಅಂದಾನಪ್ಪ, ಅವಳ ಅಪ್ಪ, ಅದನ್ನು ಕಟ್ಟು ಹಾಕಿಸಲು ಗೋಡೆಯ ಜಾಗ ಕೂಡ ನೋಡಿಟ್ಟಿದ್ದಾರೆ...

ಸುಮ್ಮನಿದ್ದರೆ ಸಾಕು. ಅಷ್ಟೇ. ಅವನು ಹೋಗುತ್ತಾನೆ.

* * *

ಸೋಮವಾರ ಹತ್ತು ಗಂಟೆ. ಮೇಜಿನ ಆಚೆ ಡಾಕ್ಟರ್ ಮುರುಗೇಶ್ ಮತ್ತು ಮ್ಯಾನೇಜರ್. ಈಚೆ ಎರಡು ಕುರ್ಚಿ. ಕನಕರಾಜ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಕೆಲಸ ಕಳೆದುಕೊಳ್ಳಲು ಇಸ್ತ್ರಿ ಮಾಡಿಕೊಂಡು ಬಂದಿದ್ದಾನೆ ಎಂದುಕೊಂಡಳು ಅವಳು.

"ಏನಾಯ್ತು ಹೇಳಪ್ಪ," ಎಂದರು ಡಾಕ್ಟರ್.

"ಸರ್, ಚೀಲಕ್ಕ ಹಾಕೂವಾಗ..."

"ಅದು ಸುಳ್ಳು ಸರ್," ಎಂದಳು ಪೂಜಿತಾ.

ಕನಕರಾಜ್ ಬೇಡ ಎಂಬಂತೆ ಅವಳತ್ತ ನೋಡಿದ.

ಅವಳು ಎಲ್ಲವನ್ನೂ ಹೇಳಿದಳು. ಸಂಗಮ್ಮ ಅತ್ತದ್ದು, ಅವನು ಮಾತು ಕೊಟ್ಟದ್ದು, ಹೊಲದಲ್ಲಿ ಮಣ್ಣು ಮಾಡಿದ್ದು. ನಾಲ್ಕು ನಿಮಿಷದಲ್ಲಿ ಓದಿದ ಕಾಗದ. ಅರ್ಥವಾಗದೆ ಒತ್ತಿದ ಹೆಬ್ಬೆಟ್ಟು. ಆಮೇಲೆ, ಹೇಳಲೇಬೇಕಾಗಿಲ್ಲದ್ದನ್ನೂ ಹೇಳಿದಳು. "ಹನ್ನೊಂದು ಜನರಿಗೂ ನಾನು ಹಾಗೇ ಓದಿದ್ದೇನೆ ಸರ್."

ಮ್ಯಾನೇಜರ್ ಪೆನ್ನು ಕೆಳಗಿಟ್ಟರು.

"ನೀನು ಏನು ಹೇಳ್ತಿದೀಯ ಗೊತ್ತಾ?" ಡಾಕ್ಟರ್ ಮುರುಗೇಶರ ದನಿ ಏರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. "ನಾನು ಎಥಿಕ್ಸ್ ಕಮಿಟಿಗೆ ಬರೀಬೇಕು. ಆ ಹನ್ನೊಂದು ತುಂಡುಗಳ ಗಾಜಿನ ಸ್ಲೈಡುಗಳಿಗೆ ಬೀಗ ಬೀಳುತ್ತೆ. ಪ್ರತಿಯೊಬ್ಬರನ್ನೂ ಮತ್ತೆ ಕೇಳಬೇಕು, ಬೇಡ ಅಂದವರದನ್ನ ತೆಗೀಬೇಕು. ಬಾಟಲಿ ದಿನ ಮುಗಿಯುತ್ತೆ. ಮೊದಲ ವರದಿಯಲ್ಲಿ ನಿನ್ನ ಹೆಸರು ಇರಲ್ಲ."

"ಗೊತ್ತು ಸರ್."

ಅವರು ಕನಕರಾಜನ ಕಡೆ ತಿರುಗಿದರು. "ನೀನು ಮಾಡಿದ್ದೂ ಸರಿಯಲ್ಲ. ನನ್ನನ್ನ ಒಂದು ಮಾತು ಕೇಳಬೇಕಿತ್ತು. ಬರೆದುಕೊಂಡು ಮನೆಯವರಿಗೆ ಕೊಡೋ ದಾರಿ ನೋಡಬಹುದಿತ್ತು."

"ಗರಗಸ ನಿಮ್ಮ ಕೈಯಾಗಿತ್ರಿ ಸರ್. ಮಾತಾಡ್ಸಾಕ ಧೈರ್ಯ ಆಗಲಿಲ್ಲ."

ಮುರುಗೇಶರ ತುಟಿ ಅಲುಗಿತು. ನಗುವಾಗುವ ಮೊದಲೇ ತಡೆದುಕೊಂಡರು. "ಎಚ್ಚರಿಕೆ ಪತ್ರ ಕೊಡ್ತೀವಿ. ನಾಳೆಯಿಂದ ಕೆಲಸಕ್ಕೆ ಬಾ."

ಹೊರಗೆ ಕಾರಿಡಾರಿನಲ್ಲಿ ಅವಳು ಅವನ ಕಡೆ ನೋಡಿದಳು. ಒಂದು ಮಾತು ಬರಬಹುದೆಂದು ಕಾದಳು. ಅವನ ಮುಖ ಕಲ್ಲಾಗಿತ್ತು.

"ನಾನು ಬ್ಯಾಡ ಅಂದಿದ್ದೆ," ಎಂದ. ಹೊರಟುಹೋದ.

* * *

ಒಂದು ವಾರ ಅವನು ಮಾತಾಡಲಿಲ್ಲ. ಇಂಟರ್‌ಕಾಮ್ ಹೊಡೆದುಕೊಳ್ಳಲಿಲ್ಲ. ಹೊಸ ತುಂಡು ತೆಗೆದುಕೊಳ್ಳುವಂತಿರಲಿಲ್ಲ, ಹಾಗಾಗಿ ಫೋನ್ ಮಾಡಲು ಕಾರಣವೂ ಇರಲಿಲ್ಲ.

ಮುಂದಿನ ಭಾನುವಾರ ಪೂಜಿತಾ ಒಬ್ಬಳೇ ಸಂಡೂರಿಗೆ ಹೋದಳು. ಮತ್ತೆ ಕೇಳಬೇಕಾದ ಹನ್ನೊಂದು ಜನರ ಪಟ್ಟಿಯಲ್ಲಿ ಮೊದಲ ಹೆಸರು ಜಂಬವ್ವ. ಗಣಿಯಲ್ಲಿ ಇಪ್ಪತ್ತು ವರ್ಷ ಅದಿರು ಹೊತ್ತವಳು. ಪೂಜಿತಾ ಈ ಸಲ ಕಾಗದ ಓದಲಿಲ್ಲ, ಬಾಯಿಮಾತಿನಲ್ಲಿ ಹೇಳಿದಳು. ಜಂಬವ್ವ ಕೊನೆಯವರೆಗೆ ಕೇಳಿದಳು.

"ಕೊಯ್ದಿದ್ದು ಸಾಲದು ಅಂತ ಕೇಳದ ಒಯ್ದ್ರೇನು? ಬ್ಯಾಡ. ನಂದು ತಗದುಬಿಡ್ರಿ." ಬಾಗಿಲು ಹಾಕಿಕೊಂಡಿತು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಳು. ಅದಿರಿನ ಕೆಂಪು ಧೂಳು ಚಪ್ಪಲಿಯ ಮೇಲೆಲ್ಲ ಕೂತಿತ್ತು. ಹತ್ತು ಮನೆ ಇನ್ನೂ ಉಳಿದಿವೆ. ಎಲ್ಲರೂ ಹೀಗೇ ಅಂದರೆ...

ಪಕ್ಕದಲ್ಲಿ ಯಾರೋ ಒಂದು ಗ್ಲಾಸ್ ಚಹಾ ಇಟ್ಟರು.

"ಜಂಬವ್ವ ನಮ್ಮ ಓಣ್ಯಾಕಿ," ಎಂದ ಕನಕರಾಜ್. "ಆಸ್ಪತ್ರಿ ಹುಡುಗಿ ಬಂದು ಅತ್ತು ಹೋದ್ಳು ಅಂತ ಊರಿಗೆಲ್ಲಾ ಹೇಳಾಕ ಹತ್ಯಾಳ."

"ನಾನು ಅತ್ತಿಲ್ಲ."

"ಆಕಿ ಮಾತು ಹಂಗ. ಎರಡು ಸೇರು ಇದ್ರ ಮೂರು ಅಳೀತಾಳ."

ಅವಳು ಚಹಾ ಮುಟ್ಟಲಿಲ್ಲ. "ನಿಮಗ ನನ್ನ ಮ್ಯಾಲ ಸಿಟ್ಟಿತ್ತಲ್ಲ?"

"ಇನ್ನೂ ಐತಿ. ಎರಡು ವರ್ಷದ ಕೆಲಸ ಒಯ್ದು ನನ್ನ ನೌಕರಿಗೆ ಹಾಕಿದ್ರಿ. ಅದನ್ನ ಹೆಂಗ ಹೊರಲಿ ನಾನು?"

"ನಿಮಗೋಸ್ಕರ ಹೇಳಿಲ್ಲ," ಎಂದಳು. ಸ್ವಲ್ಪ ಬಿಟ್ಟು, "ನಿಮಗೋಸ್ಕರಾನೂ ಹೇಳೀನಿ. ಆದರ ಬರೇ ನಿಮಗೋಸ್ಕರ ಅಲ್ಲ. ನಮ್ಮಜ್ಜಿ ಇದ್ದಿದ್ರ ಆಕಿ ಹೆಬ್ಬೆಟ್ಟೂ ನಾನು ಹಂಗ ಒತ್ತಿಸ್ಕೊಂತಿದ್ನೇನೋ ಅಂತ ಅನಿಸ್ತು. ಅದನ್ನ ನೀವು ಹೊರೂದು ಬ್ಯಾಡ. ಅದು ನಂದು."

ಅವನು ಪಟ್ಟಿಯನ್ನು ಕೈಗೆ ತಗೊಂಡ.

"ಎರಡನೇ ಹೆಸರು ಯಾರ್ದು?"

"ನೀವ್ಯಾಕ ಬರ್ತೀರಿ?"

"ಆಪರೇಷನ್ ದಿನ ಇವರ ಕೈ ಹಿಡದಾಂವ ನಾನು. ಕಡೀ ನಾಕು ಮಂದೀದು. ಅವರಿಗಾದ್ರೂ ನನ್ನ ದನಿ ಗುರ್ತು ಇರತೈತಿ. ಚಹಾ ಕುಡೀರಿ, ಆರಿ ಹೋಗತೈತಿ."

* * *

ಮೂರು ಭಾನುವಾರ ಅವರು ಊರೂರು ತಿರುಗಿದರು. ಚಿತ್ತವಾಡ್ಗಿಯ ಒಂದು ಮನೆಯಲ್ಲಿ ಒಗ್ಗರಣೆ ಮಂಡಕ್ಕಿ ಮಿರ್ಚಿ ಕೊಟ್ಟು, ಹೊಟ್ಟೆ ತುಂಬಿದ ಮೇಲೆ ಬೇಡ ಎಂದರು; ಪಕ್ಕದ ಓಣಿಯವರು ಬಾಗಿಲಲ್ಲೇ ಬೇಡ ಎಂದರು. ಕಂಪ್ಲಿಯ ಇನ್ನೊಂದು ಮನೆಯಲ್ಲಿ ಕೇಳಬೇಕಾದವರೇ ತೀರಿಹೋಗಿದ್ದರು. ಆ ಸ್ಲೈಡನ್ನು ತೆಗೆದಿಡುವುದೇ ಸರಿ ಎಂದು ಪೂಜಿತಾ ತಾನೇ ತೀರ್ಮಾನಿಸಿದಳು. ಒಪ್ಪಿದವರೂ ಇದ್ದರು. ಒಬ್ಬಾ‌ಕೆ ಇಬ್ಬರನ್ನೂ ಗಂಡ ಹೆಂಡತಿ ಎಂದುಕೊಂಡು ಕುಂಕುಮ ಕೊಡಲು ಬಂದಳು. ಇಬ್ಬರೂ ಒಮ್ಮೆಲೇ ಅಲ್ಲ ಎಂದರು. ಆಮೇಲೆ ಓಣಿ ದಾಟುವವರೆಗೆ ಒಬ್ಬರು ಆ ಬದಿ, ಒಬ್ಬರು ಈ ಬದಿ ನಡೆದರು.

ಕೊನೆಯ ಮನೆ ಕಮಲಾಪುರದಲ್ಲಿ. ಬಾಳೆ ತೋಟದ ಉಚ್ಚೆಂಗಪ್ಪ. ಎಪ್ಪತ್ತು ದಾಟಿದ ಮನುಷ್ಯ. ಎಲ್ಲ ಕೇಳಿ, "ನನ್ನ ಎಲುಬಿನ ಫೋಟೋ ಐತೇನು?" ಎಂದ.

ಪೂಜಿತಾ ಮೊಬೈಲಿನಲ್ಲಿ ತೋರಿಸಿದಳು. ತಿಳಿ ನೀಲಿಯ ಮೇಲೆ, ಹರಿದ ಕಡೆಯೆಲ್ಲ ಕಂದು ಗೆರೆ.

"ಇದು ನನ್ನೊಳಗ ಇತ್ತಾ? ಇಷ್ಟೆಲ್ಲಾ ಹರದಿತ್ತಾ?" ಅವನು ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದ. "ಹತ್ತು ವರ್ಷ ಹೇಳ್ಕೋತ ಬಂದೆ, ಭಾಳ ನೋಯತೈತಿ ಅಂತ. ಮನ್ಯಾಗ ಯಾರೂ ನಂಬಲಿಲ್ಲ. ಇದನ್ನ ನನ್ನ ಹೆಂಡ್ತಿಗೆ ತೋರಿಸ್ರಿ. ಆಮ್ಯಾಲ ಬೇಕಾದ್ದು ಬರ್ಕೊಳ್ರಿ."

ಹೆಂಡತಿಗೆ ತೋರಿಸಿದರು. ಅವಳು ಬಹಳ ಹೊತ್ತು ನೋಡಿ, ಗಂಡನ ಕಾಲಿನ ಪಕ್ಕ ಕೂತಳು. ಉಚ್ಚೆಂಗಪ್ಪ ತಾನೇ ಕೇಳಿ ಪೆನ್ನು ತಗೊಂಡು ಸಹಿ ಹಾಕಿದ.

ಕಮಲಾಪುರದ ಬಸ್ ನಿಲ್ದಾಣದಲ್ಲಿ ಬಿಸಿಲು ಇಳಿಯುತ್ತಿತ್ತು. ಹಂಪಿಯಿಂದ ಬಂದ ಬಸ್ಸು ಪ್ರವಾಸಿಗರಿಂದ ತುಂಬಿತ್ತು. ಅದನ್ನು ಬಿಟ್ಟರು. ಎರಡನೆಯದೂ ತುಂಬಿತ್ತು, ಅದರಲ್ಲಿ ಸೀಟಿದ್ದರೂ ಅವರು ಹತ್ತುತ್ತಿರಲಿಲ್ಲವೇನೋ. ಪಟ್ಟಿ ಮುಗಿದಿತ್ತು. ಮುಂದಿನ ಭಾನುವಾರಕ್ಕೆ ಯಾವ ಹೆಸರೂ ಉಳಿದಿರಲಿಲ್ಲ.

"ಕಾಲುವೆ ದಂಡ್ಯಾಗ ಒಂದು ಕೇಳಿದ್ದೆ," ಎಂದಳು ಪೂಜಿತಾ. "ಯಾಕ ಇಷ್ಟು ಮಾಡ್ತೀರಿ ಅಂತ. ನೀವು ಹೇಳಲಿಲ್ಲ."

ಅವನು ರಸ್ತೆಯ ಕಡೆ ನೋಡುತ್ತ ಹೇಳಿದ. "ಕಿಂಡ್ಯಾಗಿಂದ ಡಬ್ಬಿ ಕೊಡೂವಾಗ ನೀವು ಪೇಷಂಟಿನ ಬಗ್ಗೆ ಪ್ರತಿ ಸಲ ಒಂದು ಮಾತು ಅಂತಿದ್ರಿ. 'ಇವರು ಹೆಂಗ ಅದಾರ?' ಅಂತ. ಮೊದಲು ಡಬ್ಬಿ ಅಲ್ಲ, ಮೊದಲು ಅದು. ನಿಮ್ಮ ಮುಖಾನೂ ನೋಡದ ನಾನು ನಿಮಗ ಮನಸು ಕೊಟ್ಟೆ. ಹೇಳಾಕ ದಾರಿ ಇದ್ದಿಲ್ಲ. ನಿಮ್ಮಪ್ಪಂದು ಗಿರಣಿ ಐತಿ. ನಮ್ಮಪ್ಪ ಗಣಿ ಲಾರಿಗೆ ಅದಿರು ತುಂಬಿದಾಂವ. ಮಂದಿ ಬ್ಯಾರೆ, ಮನಿ ಬ್ಯಾರೆ. ಸುಮ್ನಿದ್ರ ಆತು ಅನಕೊಂಡೆ."

ಪೂಜಿತಾಗೆ ಕಣ್ಣು ಮಂಜಾಯಿತು. ಆ ಪ್ರಶ್ನೆಯನ್ನು ತಾನು ಕೇಳುತ್ತಿದ್ದೆ ಎಂಬುದೇ ಅವಳಿಗೆ ನೆನಪಿರಲಿಲ್ಲ.

"ಸುಮ್ನಿರೂದು ನಿಮಗ ಭಾಳ ರೂಢಿ ಆಗೈತಿ," ಎಂದಳು. "ನನಗ ಹೋದ ತಿಂಗಳು ಬಿಟ್ಟು ಹೋತು. ಅಪ್ಪಗ ನಾನು ಇವತ್ತೇ ಹೇಳ್ತೀನಿ."

"ಏನಂತ?"

"ಕನಕರಾಜ್ ಅಂತ ಒಬ್ಬರು ಅದಾರ, ಅವರನ್ನ ಮದುವಿ ಆಗ್ತೀನಿ ಅಂತ."

ಅವನು ತಿರುಗಿದ. "ನಿಮ್ಮಪ್ಪ ಒಪ್ಪಲಿಲ್ಲ ಅಂದ್ರ?"

"ಒಪ್ಪೂದಿಲ್ಲ. ಒಂದು ವಾರ ಊಟ ಬಿಡ್ತಾರ. ಎರಡನೇ ವಾರ ಬಯ್ತಾರ. ಬಯ್ಯಾಕ ಹತ್ತಿದ್ರ ಅರ್ಧ ಒಪ್ಪಿದಂಗ. ನನಗ ಗೊತ್ತೈತಿ ಅವರ ಗುಣ."

"ಮೂರನೇ ವಾರ ನಾನು ಬರ್ಲಾ?"

"ಮೊದಲನೇ ವಾರಾನೇ ಬರ್ರಿ. ಬೈಸ್ಕೊಳ್ಳಾಕ ನಾನೊಬ್ಬಾಕೀನೇ ಯಾಕ?"

ಅವನು ನಕ್ಕ. ಅವಳ ಕೈಯನ್ನು ಹಿಡಿದುಕೊಂಡ. ಈ ಸಲ ನಡುವೆ ಗ್ಲೌಸ್ ಇರಲಿಲ್ಲ. ಬಸ್ಸು ಬಂದು ನಿಂತಿತು, ಕಂಡಕ್ಟರ್ ಹೊಸಪೇಟೆ ಎಂದು ಎರಡು ಸಲ ಕೂಗಿದ. ಮೂರನೆಯ ಸಲಕ್ಕೆ ಅವರು ಎದ್ದರು.

ಹನ್ನೊಂದು ಸ್ಲೈಡುಗಳಲ್ಲಿ ನಾಲ್ಕು ಹೋದವು, ಏಳು ಉಳಿದವು. ವರದಿ ಒಂದು ವರ್ಷ ತಡವಾಯಿತು, ಅದರ ಮೇಲೆ ಪೂಜಿತಾಳ ಹೆಸರು ಬರಲಿಲ್ಲ. ಕನಕರಾಜನ ಕೆಲಸ ಉಳಿಯಿತು. ಅಂದಾನಪ್ಪ ಮೂರು ವಾರವಲ್ಲ, ಐದು ತಿಂಗಳು ತೆಗೆದುಕೊಂಡರು. ಆರನೆಯ ತಿಂಗಳಲ್ಲಿ ಮದುವೆಯಾಯಿತು.